ಹೆಸರು ಹೇಳದ ಹೋಟೆಲು

ಸೀರೆ ಕೊಳ್ಳಲು ಹೋದವರು ಬಣ್ಣ ನೋಡುತ್ತಾರೆ, ಅಂಚು ನೋಡುತ್ತಾರೆ, ಸೆರಗು ಬಿಡಿಸಿ ನೋಡುತ್ತಾರೆ. ಆಮೇಲೆ ಬೆಲೆ ಕೇಳುತ್ತಾರೆ. 'ಮೊದಲು ದುಡ್ಡು ಕೊಡಿ, ಯಾವ ಸೀರೆ ಎಂಬುದನ್ನು ಆಮೇಲೆ ಹೇಳುತ್ತೇವೆ, ಒಮ್ಮೆ ಕೊಂಡ ಮೇಲೆ ವಾಪಸು ತೆಗೆದುಕೊಳ್ಳುವುದಿಲ್ಲ' ಎಂದು ಅಂಗಡಿಯವನು ಹೇಳಿದರೆ ಯಾರಾದರೂ ಒಪ್ಪುತ್ತಾರೆಯೆ? ಅಮೆರಿಕದಲ್ಲಿ ಹೋಟೆಲ್ ಕೋಣೆಗಳನ್ನು ಹೀಗೆಯೇ ಮಾರುತ್ತಾರೆ. ಈ ವ್ಯಾಪಾರ ಶುರುವಾಗಿ ಕಾಲು ಶತಮಾನ ದಾಟಿದೆ. ಕೊಳ್ಳುವವರಿಗೂ ಬರವಿಲ್ಲ.

ನಮ್ಮ ಕಡೆ ಹೋಟೆಲ್ ಎಂದರೆ ಮೊದಲು ನೆನಪಾಗುವುದು ಇಡ್ಲಿ, ವಡೆ, ಕಾಫಿ. ಇಲ್ಲಿ ಹೇಳಹೊರಟಿರುವುದು ರಾತ್ರಿ ತಂಗುವ ಹೋಟೆಲಿನ ವಿಷಯ. ಎಂ.ಎಸ್. ಓದಲು ಅಮೆರಿಕಕ್ಕೆ ಹೋದ ಹುಡುಗನೊಬ್ಬ ಸಂದರ್ಶನಕ್ಕೆಂದು ಬೇರೆ ಊರಿಗೆ ಹೋಗಬೇಕಾಗುತ್ತದೆ. ಮಗಳ ಘಟಿಕೋತ್ಸವ ನೋಡಲು ಮೈಸೂರಿನಿಂದಲೋ ಶಿವಮೊಗ್ಗದಿಂದಲೋ ಅಪ್ಪ ಅಮ್ಮ ಹೊರಡುತ್ತಾರೆ. ಒಂದು ರಾತ್ರಿಯ ಬಾಡಿಗೆಯನ್ನು ರೂಪಾಯಿಗೆ ಪರಿವರ್ತಿಸಿ ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ಆಗ ಯಾರಾದರೂ ಗೆಳೆಯರು ಹೇಳುತ್ತಾರೆ: 'ಹೆಸರು ಮುಚ್ಚಿಟ್ಟು ಮಾರುವ ಕೋಣೆ ತೊಗೊಳ್ಳಿ, ತುಂಬಾ ಅಗ್ಗ.' ಈ ಸಲಹೆಯನ್ನು ಒಪ್ಪುವ ಮೊದಲು ಅದರ ಒಳಗುಟ್ಟು ತಿಳಿದಿರುವುದು ಒಳ್ಳೆಯದು.

ವ್ಯವಹಾರ ನಡೆಯುವುದು ಹೀಗೆ. ವೆಬ್‌ಸೈಟಿನಲ್ಲಿ ಊರಿನ ನಕ್ಷೆಯನ್ನು ಹಲವು ವಲಯಗಳಾಗಿ ವಿಂಗಡಿಸಿರುತ್ತಾರೆ. ನೀವು ವಲಯ, ತಾರೀಖು ಮತ್ತು ಎಷ್ಟು ನಕ್ಷತ್ರದ ಹೋಟೆಲು ಬೇಕೆಂಬುದನ್ನು ಆರಿಸುತ್ತೀರಿ. ಈಜುಕೊಳ ಇದೆ, ಬೆಳಗಿನ ಉಪಾಹಾರ ಉಚಿತ ಎಂಬಂಥ ಕೆಲವು ವಿವರಗಳು ಕಾಣುತ್ತವೆ. ಬೆಲೆಯೂ ಕಾಣುತ್ತದೆ. ಹೆಸರು ಮತ್ತು ವಿಳಾಸ ಮಾತ್ರ ಕಾಣುವುದಿಲ್ಲ. ಕ್ರೆಡಿಟ್ ಕಾರ್ಡಿನಿಂದ ಹಣ ಕೊಟ್ಟ ಮರುಕ್ಷಣ ಹೆಸರು ಬಯಲಾಗುತ್ತದೆ. ಅಲ್ಲಿಂದ ಮುಂದೆ ಸಾಮಾನ್ಯವಾಗಿ ರದ್ದು ಮಾಡುವಂತಿಲ್ಲ, ತಾರೀಖು ಬದಲಿಸುವಂತಿಲ್ಲ, ಹಣ ವಾಪಸು ಕೇಳುವಂತಿಲ್ಲ.

ಹೋಟೆಲಿನವರು ಹೆಸರನ್ನೇಕೆ ಮುಚ್ಚಿಡುತ್ತಾರೆ? ಇದಕ್ಕೆ ಉತ್ತರ ಅರ್ಥಶಾಸ್ತ್ರದ ಪುಸ್ತಕದಲ್ಲೂ ಇದೆ, ನಮ್ಮ ಹೂವಿನ ಅಂಗಡಿಯಲ್ಲೂ ಇದೆ. ಬೆಳಿಗ್ಗೆ ಮೊಳಕ್ಕೆ ಇಷ್ಟೆಂದು ಬಿಗಿಯಾಗಿ ಹೇಳಿದ ಮಲ್ಲಿಗೆ ರಾತ್ರಿ ಒಂಬತ್ತಕ್ಕೆ ಅರ್ಧ ಬೆಲೆಗೆ ಇಳಿಯುತ್ತದೆ. ಉಳಿದರೆ ನಾಳೆ ಬಾಡುತ್ತದೆ. ಹೋಟೆಲಿನ ಕೋಣೆಯೂ ಹಾಗೆಯೇ. ಇಂದು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಎರಡು ಸಲ ಮಾರಲಾಗುವುದಿಲ್ಲ. ಕಟ್ಟಡದ ಸಾಲ, ನೌಕರರ ಸಂಬಳ, ದೀಪದ ಖರ್ಚು ಹೇಗೂ ಇದ್ದೇ ಇರುತ್ತವೆ. ಆದ್ದರಿಂದ ಬಂದಷ್ಟು ಬರಲಿ ಎಂಬುದು ಲಾಭದ ಲೆಕ್ಕವೇ.

ಆದರೆ ಬಹಿರಂಗವಾಗಿ ಬೆಲೆ ಇಳಿಸಿದರೆ ಒಂದು ತೊಂದರೆ ಇದೆ. 160 ಡಾಲರಿನ ಕೋಣೆಯನ್ನು 120ಕ್ಕೆ ಕೊಡುತ್ತೇವೆಂದು ಫಲಕ ಹಾಕಿದರೆ, 160 ಕೊಡಲು ಸಿದ್ಧನಿದ್ದ ಗಿರಾಕಿಯೂ 120ನ್ನೇ ಕೊಡುತ್ತಾನೆ. ದೊಡ್ಡ ಹೆಸರಿನ ಹೋಟೆಲಾದರೆ 'ಇವರ ಬೆಲೆ ಇಷ್ಟೇ' ಎಂಬ ಮಾತೂ ಹುಟ್ಟುತ್ತದೆ. ನಮ್ಮ ಬಟ್ಟೆ ಅಂಗಡಿಯವರು ಇದಕ್ಕೆ ಆಷಾಢವನ್ನು ಕಂಡುಕೊಂಡಿದ್ದಾರೆ. ಮದುವೆ ಮುಂಜಿ ಇರುವವರು ಆಷಾಢದವರೆಗೆ ಕಾಯುವುದಿಲ್ಲ, ಪೂರ್ತಿ ಬೆಲೆ ಕೊಡುತ್ತಾರೆ. ಕಾಯಬಲ್ಲವರಿಗೆ ರಿಯಾಯಿತಿ. ಅಮೆರಿಕದ ಹೋಟೆಲಿನವರು ತಿಂಗಳಿನ ಬದಲು ಕತ್ತಲೆಯನ್ನು ಬಳಸಿಕೊಂಡರು. ಕಂಪೆನಿಯ ಕೆಲಸದ ಮೇಲೆ ಬರುವವನಿಗೆ ಇಂಥದೇ ಹೋಟೆಲು, ಇಂಥದೇ ಬೀದಿ ಬೇಕು. ಅವನು ಹೆಸರಿಲ್ಲದ ಕೋಣೆಯ ಗೊಡವೆಗೆ ಹೋಗುವುದಿಲ್ಲ. 'ಎಲ್ಲಾದರೂ ಆಗಲಿ, ಶುಚಿಯಾಗಿದ್ದರೆ ಸಾಕು' ಎನ್ನುವವನಿಗಷ್ಟೇ ಅಗ್ಗದ ಬೆಲೆ ಸಿಗುತ್ತದೆ.

ಈ ಮಾರಾಟವನ್ನು ಮನೆಮಾತಾಗಿಸಿದವರು ಜೇ ವಾಕರ್ ಎಂಬ ಉದ್ಯಮಿ. ಅವರ ಪ್ರೈಸ್‌ಲೈನ್ ಕಂಪೆನಿ 1998ರಲ್ಲಿ 'ನಿಮ್ಮ ಬೆಲೆ ನೀವೇ ಹೇಳಿ' ಎಂಬ ಪದ್ಧತಿಯನ್ನು ತಂದಿತು. ಮೊದಲು ವಿಮಾನದ ಟಿಕೆಟ್, ಆಮೇಲೆ ಹೋಟೆಲ್ ಕೋಣೆ. ಗಿರಾಕಿ ತಾನು ಕೊಡುವ ಬೆಲೆಯನ್ನು ಬರೆದು ಕಾರ್ಡಿನ ಸಂಖ್ಯೆ ಕೊಡಬೇಕು. ಯಾವುದಾದರೂ ಹೋಟೆಲು ಆ ಬೆಲೆಗೆ ಒಪ್ಪಿದರೆ ವ್ಯವಹಾರ ಮುಗಿದ ಹಾಗೆ. ನಮ್ಮ ಟೆಂಡರಿನಂತೆಯೇ, ಆದರೆ ಇಲ್ಲಿ ಲಕೋಟೆ ಹಾಕುವವನು ಗಿರಾಕಿ. 2000ದಲ್ಲಿ ಕೆಲವು ವಿಮಾನ ಕಂಪೆನಿಗಳ ಬೆಂಬಲದಿಂದ ಹಾಟ್‌ವೈರ್ ಬಂತು. ಅದು ಬೆಲೆಯನ್ನು ತಾನೇ ಹೇಳಿ ಹೆಸರನ್ನು ಮಾತ್ರ ಮುಚ್ಚಿಟ್ಟಿತು. ಬ್ರಿಟನ್ನಿನಲ್ಲಿ ಲಾಸ್ಟ್‌ಮಿನಿಟ್ ಕಂಪೆನಿಯೂ 'ಪರಮ ರಹಸ್ಯ' ಹೋಟೆಲುಗಳೆಂದು ಇದೇ ಬಗೆಯಲ್ಲಿ ಮಾರಿತು.

ಪ್ರೈಸ್‌ಲೈನಿನಲ್ಲಿ ಒಂದು ನಿಯಮವಿತ್ತು. ನೀವು ಹೇಳಿದ ಬೆಲೆ ತಿರಸ್ಕೃತವಾದರೆ ಅದೇ ಬೇಡಿಕೆಯನ್ನು ಕೂಡಲೇ ಮತ್ತೆ ಸಲ್ಲಿಸುವಂತಿಲ್ಲ, ಒಂದು ದಿನ ಕಾಯಬೇಕು. ಹೊಸ ವಲಯವನ್ನು ಸೇರಿಸಿದರೆ ತಕ್ಷಣ ಇನ್ನೊಂದು ಅವಕಾಶ. ಬುದ್ಧಿವಂತ ಗಿರಾಕಿಗಳು ಇದರಲ್ಲೊಂದು ಕಿಂಡಿ ಕಂಡುಹಿಡಿದರು. ತಮಗೆ ಬೇಕಾದದ್ದು ನಾಲ್ಕು ನಕ್ಷತ್ರದ ಹೋಟೆಲು ಎನ್ನಿ. ಆ ದರ್ಜೆಯ ಹೋಟೆಲೇ ಇಲ್ಲದ ವಲಯವನ್ನು ಅವರು ಪಟ್ಟಿಗೆ ಸೇರಿಸುತ್ತಿದ್ದರು. ಅಲ್ಲಿ ಕೋಣೆ ಸಿಗುವ ಭಯವಿಲ್ಲ, ಬೆಲೆಯನ್ನು ಸ್ವಲ್ಪ ಏರಿಸಿ ಇನ್ನೊಮ್ಮೆ ಕೇಳುವ ಅವಕಾಶ ಮಾತ್ರ ಲಾಭ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಹೋಟೆಲಿನವರು ಒಪ್ಪುವ ಕನಿಷ್ಠ ಬೆಲೆಯ ಸಮೀಪಕ್ಕೆ ತಲುಪುತ್ತಿದ್ದರು. ನಿಯಮಾವಳಿಯನ್ನು ಪೂರ್ತಿ ಓದಿದವನಿಗೆ ಸಿಗುವ ಫಲ ಇದು.

ಆ ಆಟ ಈಗಿಲ್ಲ. 2016ರಲ್ಲಿ ಪ್ರೈಸ್‌ಲೈನ್ ವಿಮಾನದ ಟಿಕೆಟ್‌ಗಳಿಗೆ ಈ ಪದ್ಧತಿಯನ್ನು ಕೈಬಿಟ್ಟಿತು, ನಂತರದ ವರ್ಷಗಳಲ್ಲಿ ಹೋಟೆಲುಗಳಿಗೂ ನಿಲ್ಲಿಸಿತು. ಚೌಕಾಸಿ ಮಾಡುತ್ತ ಕೂರುವ ವ್ಯವಧಾನ ಜನರಿಗೆ ಕಡಿಮೆಯಾಯಿತು. ಹೆಸರು, ಚಿತ್ರ, ಉಳಿದವರ ಅಭಿಪ್ರಾಯ ಎಲ್ಲವನ್ನೂ ತೆರೆದು ತೋರಿಸುವ ಬುಕಿಂಗ್ ಡಾಟ್ ಕಾಮ್ ಅನ್ನು ಇದೇ ಸಮೂಹ 2005ರಲ್ಲಿ ಕೊಂಡಿತ್ತು. ಆ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2018ರಲ್ಲಿ ಇಡೀ ಸಮೂಹವೇ ಬುಕಿಂಗ್ ಹೋಲ್ಡಿಂಗ್ಸ್ ಎಂದು ಹೆಸರು ಬದಲಿಸಿಕೊಂಡಿತು. ಆದರೂ ಬೆಲೆ ತೋರಿಸಿ ಹೆಸರು ಮುಚ್ಚಿಡುವ ಮಾರಾಟ ಉಳಿದಿದೆ. ಮೂರು ಹೋಟೆಲುಗಳ ಹೆಸರು ತೋರಿಸಿ 'ಇವುಗಳಲ್ಲಿ ಒಂದು ನಿಮ್ಮದು' ಎನ್ನುವ ಬಗೆಯೂ ಬಂದಿದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇದರಲ್ಲಿ ನಿಜಕ್ಕೂ ಉಳಿತಾಯವಿದೆಯೆ?

ಇದೆ. ಆದರೆ ಆ ರಿಯಾಯಿತಿ ಯಾರೂ ಕೊಟ್ಟ ದಾನವಲ್ಲ. ಮನಸ್ಸು ಬದಲಿಸುವ ಹಕ್ಕನ್ನು ನೀವು ಹೋಟೆಲಿಗೆ ಮಾರಿದ್ದೀರಿ, ಅದರ ಬೆಲೆಯೇ ಆ ರಿಯಾಯಿತಿ. ಮಾರಿದ್ದು ಒಳ್ಳೆಯ ಬೆಲೆಗೋ ಅಲ್ಲವೋ ಎಂದು ತಿಳಿಯಲು ಹೈಸ್ಕೂಲಿನ ಲೆಕ್ಕ ಸಾಕು.

ಒಂದೇ ದರ್ಜೆಯ ಎರಡು ಕೋಣೆಗಳಿವೆ ಎನ್ನಿ. ಒಂದಕ್ಕೆ 160 ಡಾಲರ್, ಬೇಡವಾದರೆ ರದ್ದು ಮಾಡಬಹುದು. ಇನ್ನೊಂದು ಹೆಸರಿಲ್ಲದ್ದು, 120 ಡಾಲರ್, ರದ್ದು ಮಾಡುವಂತಿಲ್ಲ. ಅಂದರೆ ಶೇ 25 ರಿಯಾಯಿತಿ. ನೂರು ಜನ ಪ್ರಯಾಣಿಕರನ್ನು ತೆಗೆದುಕೊಳ್ಳಿ. ಎಲ್ಲರೂ ಹೆಸರಿಲ್ಲದ ಕೋಣೆ ಕೊಂಡರೆ ಒಟ್ಟು ಖರ್ಚು 12,000 ಡಾಲರ್, ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ಎಲ್ಲರೂ 160ರ ಕೋಣೆ ಕಾದಿರಿಸಿ ಅವರಲ್ಲಿ 10 ಜನರ ಪ್ರಯಾಣ ರದ್ದಾದರೆ ಉಳಿದ 90 ಜನರ ಖರ್ಚು 14,400. ಹೆಸರಿಲ್ಲದ ಕೋಣೆಯೇ ಲಾಭ. ರದ್ದಾಗುವವರು 25 ಜನರಾದರೆ 75 ಜನರ ಖರ್ಚು ಸರಿಯಾಗಿ 12,000, ಎರಡೂ ಸಮ. 40 ಜನರಾದರೆ 9,600. ಆಗ ಹೆಸರಿಲ್ಲದ ಕೋಣೆ ಕೊಂಡವರು 2,400 ಡಾಲರ್ ಹೆಚ್ಚು ತೆತ್ತಂತಾಯಿತು.

ಇದರಿಂದ ಒಂದು ಸರಳ ಸೂತ್ರ ಸಿಗುತ್ತದೆ. ರಿಯಾಯಿತಿ ಶೇಕಡಾ ಎಷ್ಟೋ, ನಿಮ್ಮ ಪ್ರಯಾಣ ಬದಲಾಗುವ ಸಾಧ್ಯತೆ ಅದಕ್ಕಿಂತ ಕಡಿಮೆ ಇದ್ದರೆ ಕೊಳ್ಳಿ, ಹೆಚ್ಚಿದ್ದರೆ ಬಿಡಿ. ವಿದ್ಯಾರ್ಥಿಗಳು ಈ ಸೂತ್ರವನ್ನು ಬರೆದಿಟ್ಟುಕೊಳ್ಳಬಹುದು. ರೈಲು, ವಿಮಾನ, ಕೋಣೆ ಯಾವುದಾದರೂ ಸರಿ, 'ಹಣ ವಾಪಸಿಲ್ಲ' ಎಂದು ಅಗ್ಗಕ್ಕೆ ಕೊಡುವ ಎಲ್ಲ ಕಡೆಯೂ ಇದು ನಡೆಯುತ್ತದೆ. ನಮ್ಮ ಬೆಂಗಳೂರು, ಹುಬ್ಬಳ್ಳಿಯ ಕೋಣೆಗಳನ್ನು ಕಾದಿರಿಸುವಾಗಲೂ ಇಂಥ ಎರಡು ದರ ಕಾಣುತ್ತವಲ್ಲ, ಅಲ್ಲಿಯೂ ಇದೇ ಲೆಕ್ಕ.

ಸೂತ್ರ ಗೊತ್ತಾದರೆ ಯಾರಿಗೆ ಇದು ಸರಿ, ಯಾರಿಗೆ ಅಲ್ಲ ಎಂಬುದೂ ಸ್ಪಷ್ಟವಾಗುತ್ತದೆ. ವೀಸಾ ಇನ್ನೂ ಕೈಗೆ ಬಂದಿಲ್ಲದ ತಂದೆ ತಾಯಿ ಅಮೆರಿಕದ ಕೋಣೆಯನ್ನು ಹೀಗೆ ಕೊಳ್ಳಬಾರದು. ಅವರ ಪ್ರಯಾಣ ಅವರ ಕೈಯಲ್ಲಿಲ್ಲ. ನಾಳೆ ಸಂಜೆ ತಂಗಬೇಕು, ಬಸ್ಸಿನ ಟಿಕೆಟ್ ಆಗಿದೆ ಎನ್ನುವ ವಿದ್ಯಾರ್ಥಿ ಧಾರಾಳವಾಗಿ ಕೊಳ್ಳಬಹುದು. ಅವನ ಪ್ರಯಾಣ ಬದಲಾಗುವ ಸಾಧ್ಯತೆ ಅತ್ಯಲ್ಪ.

ಇನ್ನು ಕೊಳ್ಳುವ ಮುನ್ನ ನೋಡಬೇಕಾದ ಕೆಲವು ಸಂಗತಿಗಳು.

ಮೊದಲನೆಯದು ವಲಯ. ಹೋಟೆಲು ವಲಯದ ಯಾವ ಮೂಲೆಯಲ್ಲೂ ಇರಬಹುದು. ನಿಮ್ಮ ಕೆಲಸದ ಜಾಗದಿಂದ ಅತಿ ದೂರದ ಮೂಲೆಯೇ ನಿಮ್ಮ ಪಾಲಿಗೆ ಬಂತೆಂದು ಭಾವಿಸಿ. ಅಲ್ಲಿಂದ ಬೆಳಿಗ್ಗೆ ಹೊರಡಲು ಬಸ್ಸಿದೆಯೆ? ಅಮೆರಿಕದ ಎಷ್ಟೋ ಊರುಗಳಲ್ಲಿ ಸ್ವಂತ ಕಾರಿಲ್ಲದವನ ಪಾಡು ಕಷ್ಟ. ಕೋಣೆಯಲ್ಲಿ ಉಳಿಸಿದ 40 ಡಾಲರ್ ಟ್ಯಾಕ್ಸಿಗೆ ಹೋದರೆ ಏನು ಬಂತು? ಉತ್ತರ ತೃಪ್ತಿಕರವಾದರೆ ಮಾತ್ರ ಮುಂದುವರಿಯಿರಿ.

ಎರಡನೆಯದು ನಕ್ಷತ್ರ. ಭಾರತದಲ್ಲಿ ಹೋಟೆಲುಗಳ ದರ್ಜೆ ನಿರ್ಧರಿಸಲು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವ್ಯವಸ್ಥೆ ಇದೆ. ಅಮೆರಿಕದಲ್ಲಿ ಸರ್ಕಾರ ನಕ್ಷತ್ರ ಕೊಡುವುದಿಲ್ಲ. ಒಂದೊಂದು ವೆಬ್‌ಸೈಟು ತನ್ನದೇ ಅಳತೆ ಇಟ್ಟುಕೊಂಡಿದೆ. ಆದ್ದರಿಂದ ನಕ್ಷತ್ರದ ಜೊತೆಗೆ ತಂಗಿದವರು ಕೊಟ್ಟ ಅಂಕವನ್ನೂ ನೋಡಬೇಕು.

ಮೂರನೆಯದು ಒಟ್ಟು ಬೆಲೆ. ಅಮೆರಿಕದ ಅನೇಕ ಹೋಟೆಲುಗಳು ಬಾಡಿಗೆಯ ಮೇಲೆ 'ರೆಸಾರ್ಟ್ ಶುಲ್ಕ' ಎಂದು ಕಡ್ಡಾಯವಾಗಿ ಕೀಳುತ್ತಿದ್ದವು, ಅದನ್ನು ಕೊನೆಯ ಪುಟದಲ್ಲಿ ತೋರಿಸುತ್ತಿದ್ದವು. 2025ರ ಮೇ ತಿಂಗಳಿನಿಂದ ಜಾರಿಗೆ ಬಂದ ಅಲ್ಲಿನ ಕೇಂದ್ರ ನಿಯಮದ ಪ್ರಕಾರ ಕಡ್ಡಾಯ ಶುಲ್ಕವನ್ನು ಸೇರಿಸಿಯೇ ಬೆಲೆ ಹೇಳಬೇಕು. ಸರ್ಕಾರದ ತೆರಿಗೆಯನ್ನು ಮಾತ್ರ ಆಮೇಲೆ ಸೇರಿಸಬಹುದು. ಕಾರು ನಿಲ್ಲಿಸುವ ಬಾಡಿಗೆ ದೊಡ್ಡ ಊರುಗಳಲ್ಲಿ ಬೇರೆಯೇ ಇರುತ್ತದೆ. ಹೋಲಿಸುವಾಗ ಎರಡೂ ಕೋಣೆಗಳ ಕೊನೆಯ ಪುಟದ ಮೊತ್ತವನ್ನೇ ಹೋಲಿಸಿ.

ನಾಲ್ಕನೆಯದು ವಯಸ್ಸು, ಹೆಸರು ಮತ್ತು ಕಾರ್ಡು. ಪದವಿ ಓದಲು ಹೋದ ಹುಡುಗ ಹುಡುಗಿಯರು ಇದನ್ನು ಮರೆಯಬಾರದು. ಅಲ್ಲಿನ ಕೆಲವು ಹೋಟೆಲುಗಳು 21 ವರ್ಷ ತುಂಬದವರಿಗೆ ಕೋಣೆ ಕೊಡುವುದಿಲ್ಲ. ಯಾವ ಹೋಟೆಲೆಂದೇ ತಿಳಿಯದಿದ್ದಾಗ ಅದರ ವಯಸ್ಸಿನ ನಿಯಮ ತಿಳಿಯುವುದೆಂತು? ಹಣವೂ ಹೋಗಿ ರಾತ್ರಿ ಬೀದಿಯಲ್ಲಿ ನಿಲ್ಲುವ ಪರಿಸ್ಥಿತಿ ಬಾರದಿರಲಿ. 21 ತುಂಬದವರು ಹೆಸರಿರುವ ಹೋಟೆಲನ್ನೇ ಕೇಳಿ ತಿಳಿದು ಕಾದಿರಿಸುವುದು ಲೇಸು. ಅಪ್ಪನ ಕಾರ್ಡಿನಿಂದ ಹಣ ಕೊಟ್ಟರೂ ಕೋಣೆ ಮಾತ್ರ ತಂಗುವವರ ಹೆಸರಿನಲ್ಲಿರಬೇಕು. ಆ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ. ನಮ್ಮವರ ಇನಿಷಿಯಲ್‌ಗಳು ಅಲ್ಲಿನ ಗುಮಾಸ್ತರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ತಂಗುವವರು ತಮ್ಮದೇ ಒಂದು ಕಾರ್ಡು ತೋರಿಸಬೇಕಾಗುತ್ತದೆ. ಠೇವಣಿ ಎಂದು ಅದರಲ್ಲಿ ಒಂದಷ್ಟು ಹಣವನ್ನು ಹಿಡಿದಿಡುತ್ತಾರೆ. ಡೆಬಿಟ್ ಕಾರ್ಡಾದರೆ ಆ ಹಣ ಬಿಡುಗಡೆಯಾಗುವವರೆಗೆ ಕೈಗೆ ಸಿಗುವುದಿಲ್ಲ.

ಐದನೆಯದು ಹಾಸಿಗೆ. ಹೆಸರಿಲ್ಲದ ಕೋಣೆಯಲ್ಲಿ ಒಂದು ದೊಡ್ಡ ಹಾಸಿಗೆಯೋ ಎರಡು ಬೇರೆ ಹಾಸಿಗೆಯೋ ಎಂಬ ಭರವಸೆ ಸಾಮಾನ್ಯವಾಗಿ ಇರುವುದಿಲ್ಲ. ಇಬ್ಬರಿಗೆ ಜಾಗವುಂಟು ಎಂಬುದಷ್ಟೇ ಖಾತ್ರಿ. ಅಪ್ಪ, ಅಮ್ಮ, ಅಜ್ಜಿ, ತಮ್ಮ ಎಲ್ಲರೂ ಒಂದೇ ಕೋಣೆಗೆ ಎನ್ನುವ ಸಂಸಾರಕ್ಕೆ ಇದು ಹೇಳಿದ್ದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಪಾಲಿಸಬೇಕಾದರೆ ಹಾಸಿಗೆ ಎಷ್ಟಿದೆ ಎಂಬುದಾದರೂ ಮೊದಲೇ ಗೊತ್ತಿರಬೇಕಲ್ಲ!

ಕಾಲ ನೋಡಿ ಕೊಳ್ಳುವುದೂ ಒಂದು ವಿದ್ಯೆ. ಕಚೇರಿಗಳು ತುಂಬಿದ ಬಡಾವಣೆಯ ಹೋಟೆಲುಗಳು ಶನಿವಾರ, ಭಾನುವಾರ ಬಣಗುಡುತ್ತವೆ, ಸಮುದ್ರತೀರದವು ವಾರದ ನಡುವೆ. ಖಾಲಿ ಇರುವಲ್ಲಿ ಮಾತ್ರ ರಿಯಾಯಿತಿ ಹುಟ್ಟುತ್ತದೆ. ಮೇ ತಿಂಗಳಲ್ಲಿ ಘಟಿಕೋತ್ಸವ ನಡೆಯುವ ಸಣ್ಣ ವಿಶ್ವವಿದ್ಯಾಲಯದ ಊರಿನಲ್ಲಿ ಕೋಣೆಗಳೆಲ್ಲ ಮೊದಲೇ ಭರ್ತಿಯಾಗಿರುತ್ತವೆ. ಅಲ್ಲಿ ಕೊನೆಯ ಗಳಿಗೆಯ ಅಗ್ಗದ ಕೋಣೆಗಾಗಿ ಕಾಯುವುದು ಜಾತ್ರೆಯ ದಿನ ದೇವಸ್ಥಾನದ ಪಕ್ಕದಲ್ಲಿ ಖಾಲಿ ಛತ್ರ ಹುಡುಕಿದಂತೆ. ಮಗಳ ಘಟಿಕೋತ್ಸವದ ತಾರೀಖು ತಿಳಿದ ದಿನವೇ ರದ್ದು ಮಾಡಬಹುದಾದ ಕೋಣೆಯನ್ನು ಕಾದಿರಿಸಿಡಿ.

ಕೊನೆಯದಾಗಿ ತಂದೆ ತಾಯಿಯರಿಗೆ ಒಂದು ಮಾತು. ಮಕ್ಕಳು ನೀಟ್ ಪರೀಕ್ಷೆಗೋ, ಬೇರೆ ಯಾವುದೋ ಸಂದರ್ಶನಕ್ಕೋ ಪರ ಊರಿಗೆ ಹೋಗುವ ಹಿಂದಿನ ರಾತ್ರಿ ಅವರಿಗೆ ಬೇಕಾದದ್ದು ನಿದ್ದೆ, ಮತ್ತು ಬೆಳಿಗ್ಗೆ ನಡೆದೇ ತಲುಪುವಷ್ಟು ಹತ್ತಿರದ ಜಾಗ. ಆ ಒಂದು ರಾತ್ರಿ ಪೂರ್ತಿ ಬೆಲೆ ಕೊಡಿ, ಹೆಸರು ವಿಳಾಸ ತಿಳಿದೇ ಕೊಡಿ. ಪರೀಕ್ಷೆ ಮುಗಿದ ಮೇಲೆ ಊರು ನೋಡಲು ಇನ್ನೆರಡು ದಿನ ಉಳಿಯುವುದಾದರೆ ಅಗ್ಗದ ಕೋಣೆಯನ್ನು ಮಕ್ಕಳೇ ಹುಡುಕಲಿ. ಶೇಕಡಾವಾರು ಲೆಕ್ಕವನ್ನು ಅವರೇ ಹಾಕಿ ನಿಮಗೆ ತೋರಿಸಲಿ. ಅದರಲ್ಲಿ ಉಳಿದ ದುಡ್ಡಿಗೆ ಅವರಿಷ್ಟದ ಪುಸ್ತಕ ಕೊಡಿಸಿ.