ಆರೋಪಿಯಾದ ಮೇಲೆ ಸಿಕ್ಕ ಮಾತು

2020ರ ಹಿಂದಿ ಸರಣಿ ‘ಕ್ರಿಮಿನಲ್ ಜಸ್ಟಿಸ್: ಬಿಹೈಂಡ್ ಕ್ಲೋಸ್ಡ್ ಡೋರ್ಸ್’ನ ಮೊದಲ ಕಂತಿನಲ್ಲೇ ಅನು ಚಂದ್ರ ಗಂಡನಿಗೆ ಚಾಕು ಹಾಕುತ್ತಾಳೆ. ಗಂಡ ಹೆಸರುವಾಸಿ ವಕೀಲ. ಎಲ್ಲರ ಕಣ್ಣಿಗೂ ಕೇಸು ಸಲೀಸು: ಇರಿದವಳು ಅವಳೇ. ಮಲಗುವ ಕೋಣೆಯಲ್ಲಿ ನಡೆಯುತ್ತಿದ್ದುದು ಒಂದೊಂದಾಗಿ ಹೊರಬಿದ್ದಂತೆ ನೋಡುಗರ ಮನಸ್ಸು ಕರಗುತ್ತದೆ. ಪಂಕಜ್ ತ್ರಿಪಾಠಿಯ ಮಾಧವ್ ಮಿಶ್ರಾ ವಾದಕ್ಕೆ ನಿಂತಾಗ ಸೋಫಾದಲ್ಲಿ ಕೂತವರೂ ಅವಳ ಪರ ವಕೀಲರಾಗುತ್ತಾರೆ.

ಈ ಮರುಕದ ನಡುವೆ ಒಂದು ಪ್ರಶ್ನೆ ಮರೆತೇಹೋಗುತ್ತದೆ. ತನ್ನ ಕಷ್ಟ ಕೋರ್ಟಿನಲ್ಲಿ ಹೇಳಿಕೊಳ್ಳಲು ಅನು ಕೊಲೆ ಆರೋಪಿಯೇ ಆಗಬೇಕಿತ್ತೇ?

ಅದಕ್ಕೂ ಮೊದಲೇ ಅತ್ಯಾಚಾರವೆಂದು ದೂರು ಕೊಟ್ಟಿದ್ದರೆ, ಐಪಿಸಿ 375ರ ವಿನಾಯಿತಿ ಗಂಡನ ಬೆನ್ನಿಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನಲ್ಲೂ, ಹೆಂಡತಿಗೆ 18 ತುಂಬಿದ್ದರೆ, ಆ ವಿನಾಯಿತಿ ಉಳಿದಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಿಂದ ರಕ್ಷಣೆಯ ಆದೇಶ ಸಿಗಬಹುದು, ನಿಜ. ಆದರೆ ನಡೆದದ್ದನ್ನು ಅದು ಅತ್ಯಾಚಾರ ಎನ್ನುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪ ರದ್ದುಪಡಿಸಲು ಒಪ್ಪಲಿಲ್ಲ. ಅದೇ ವರ್ಷ ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಈ ವಿನಾಯಿತಿಯ ಬಗ್ಗೆ ಒಬ್ಬರಿಗೊಬ್ಬರು ವಿರುದ್ಧವಾದ ತೀರ್ಪು ಕೊಟ್ಟರು.

ಸರಣಿ ತನ್ನ ಕೆಲಸ ಮಾಡಿದೆ. ಮುಚ್ಚಿದ ಬಾಗಿಲು ತೆರೆದು ತೋರಿಸಿದೆ. ಇನ್ನುಳಿದದ್ದು ನೋಡುಗರ ಪಾಲು. ಇರಿದು ಜೈಲು ಸೇರಿದ ಅನುಗಾಗಿ ಕಣ್ಣೊರೆಸಿಕೊಂಡವರು, ಯಾರನ್ನೂ ಇರಿಯದೆ ತವರಿಗೆ ಬಂದು ನಿಂತ ಅನುವಿಗೆ ಏನು ಹೇಳುತ್ತಿದ್ದರು? ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂದೇ ಅಲ್ಲವೇ?