ಕ್ಯಾಮೆರಾ ಇರೋದು ಸೆಲ್ಫಿಗಲ್ಲ, ಸಾಕ್ಷಿಗೆ!

2020ರ ಲಾಕ್‌ಡೌನ್ ದಿನಗಳು. ಬೆಂಗಳೂರಿನ ಒಂದು ಕೊಳೆಗೇರಿಯಲ್ಲಿ ನಮ್ಮ ಹುಡುಗರು ರೇಷನ್ ಕಿಟ್ ಹಂಚುತ್ತಿದ್ದರು. ಕ್ಯಾಮೆರಾ ನನ್ನ ಕೈಲಿತ್ತು. ಸರದಿಯಲ್ಲಿ ನಿಂತಿದ್ದ ಒಬ್ಬ ಅಜ್ಜಿಗೆ "ಅಜ್ಜಿ, ಸ್ವಲ್ಪ ಈ ಕಡೆ ನೋಡಿ" ಅಂದೆ. ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. "ಫೋಟೋ ತೆಗೆದೇ ಕೊಡೋದಾದ್ರೆ ನಂಗೆ ಈ ಅಕ್ಕಿ ಬೇಡ ಕಣಪ್ಪಾ" ಅಂದರು.

ನಾನು ಕ್ಯಾಮೆರಾ ಇಳಿಸಿದೆ. ಆದರೆ ಅಷ್ಟರಲ್ಲಿ ಅಂಥವೇ ನಲವತ್ತು ಫೋಟೋ ತೆಗೆದಾಗಿತ್ತು. ಎಲ್ಲದರಲ್ಲೂ ನಮ್ಮವರ ನಗುಮುಖ, ಎದುರಿಗೆ ತಲೆ ತಗ್ಗಿಸಿ ನಿಂತ ಒಬ್ಬ ಬಡವ. ಆ ಫೋಟೋಗಳಿಂದ ಆ ಕೇರಿಗೆ ನೀರು ಬಂತೇ? ಚರಂಡಿ ಬಂತೇ? ಏನೂ ಇಲ್ಲ. ನಮಗೆ ಮಾತ್ರ ನಾಲ್ಕು ಜನರ ಶಹಬ್ಬಾಸ್ ಸಿಕ್ಕಿತು!

ಇಂದು ಪ್ರತಿಯೊಬ್ಬ ಕನ್ನಡದ ಹುಡುಗನ, ಹುಡುಗಿಯ ಜೇಬಿನಲ್ಲೂ ಒಂದು ಕ್ಯಾಮೆರಾ ಇದೆ. ಸಮಾಜಸೇವೆ ಎಂದರೆ ಮೊದಲು ಬ್ಯಾನರ್, ಆಮೇಲೆ ಫೋಟೋ, ಕೊನೆಗೆ ಸೇವೆ ಎನ್ನುವಂತಾಗಿದೆ. ಹಾಗಾದರೆ ಕ್ಯಾಮೆರಾವನ್ನು ಬಿಸಾಡೋಣವೇ? ಬೇಡ. ಅದನ್ನು ಯಾರ ಕಡೆ ತಿರುಗಿಸಬೇಕು ಎಂಬುದನ್ನು ಕಲಿಯೋಣ. ಕಲಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಗೆ ಹೋದರೆ ಸಾಕು.

ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ 70ರ ದಶಕದಲ್ಲೇ, ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಿಷೇಧಿಸಿದ್ದರು. 1993ರಲ್ಲಿ ಸಂಸತ್ತು ಕೂಡ ಕಾನೂನು ಮಾಡಿತು. ಕಾಗದದ ಮೇಲೆ ಎಲ್ಲವೂ ಸ್ವಚ್ಛ! ಆದರೆ ದೇಶಕ್ಕೆ ಚಿನ್ನ ಕೊಟ್ಟ ಕೆಜಿಎಫ್‌ನಲ್ಲಿ ಒಣ ಕಕ್ಕಸುಗಳು ಹಾಗೇ ಇದ್ದವು. ಕೈಯಿಂದ ಮಲ ಬಳಿದು ಬಕೆಟ್ಟಿಗೆ ತುಂಬಿ ಹೊತ್ತೊಯ್ಯುವ ಕೆಲಸ ನಡೆದೇ ಇತ್ತು.

ಆ ಕೆಲಸ ಮಾಡುತ್ತಿದ್ದ ಮನೆಯಲ್ಲೇ ಹುಟ್ಟಿದವರು ಬೆಜವಾಡ ವಿಲ್ಸನ್. ಗಣಿಯ ಆಡಳಿತಕ್ಕೆ ಬರೆದರು, ಮಂತ್ರಿಗಳಿಗೆ ಬರೆದರು, ಪ್ರಧಾನಿಗೂ ಬರೆದರು. ಪತ್ರಗಳು ಕಡತದಲ್ಲಿ ಕೊಳೆತವು. ಆಗ ಅವರು ಕೈಗೆತ್ತಿಕೊಂಡದ್ದು ಕ್ಯಾಮೆರಾ. ಒಣ ಕಕ್ಕಸುಗಳ, ಅಲ್ಲಿ ನಡೆಯುತ್ತಿದ್ದ ಕೆಲಸದ ಫೋಟೋ ತೆಗೆದರು. 1994ರಲ್ಲಿ ಇಲ್ಲಿನ ಅವಸ್ಥೆ ಡೆಕ್ಕನ್ ಹೆರಾಲ್ಡ್ ಪತ್ರಿಕೆಯಲ್ಲಿ ಬಯಲಾಯಿತು. ದೊಡ್ಡವರಿಗೆ ಮುಜುಗರವಾಯಿತು. ಒಣ ಕಕ್ಕಸು ಇರುವುದನ್ನು ಗಣಿಯ ಆಡಳಿತ ಒಪ್ಪಿಕೊಳ್ಳಲೇಬೇಕಾಯಿತು, ಅವುಗಳನ್ನು ನೀರಿನ ಕಕ್ಕಸುಗಳಾಗಿ ಬದಲಿಸುವ ಕೆಲಸಕ್ಕೆ ಇಳಿಯಬೇಕಾಯಿತು.

ಗಮನಿಸಿ ಗೆಳೆಯರೇ. ಪತ್ರಕ್ಕೆ "ಹಾಗೇನೂ ಇಲ್ಲ" ಎಂದು ಉತ್ತರ ಬರೆಯಬಹುದು. ಫೋಟೋಗೆ ಬರೆಯಲು ಆಗುವುದಿಲ್ಲ!

ಇನ್ನೂ ಒಂದು ಮಾತಿದೆ. ವಿಲ್ಸನ್ ಫೋಟೋ ತೆಗೆದು ಮನೆಗೆ ಹೋಗಿ ಮಲಗಲಿಲ್ಲ. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2003ರಲ್ಲಿ ಆ ಸಂಘಟನೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಹನ್ನೊಂದು ವರ್ಷ ಬಿಡದೆ ಬಡಿದಾಡಿ 2014ರಲ್ಲಿ ತೀರ್ಪು ಪಡೆಯಿತು. ಅದಕ್ಕೆ ಮುಂಚೆ, 2013ರಲ್ಲಿ, ಹೊಸ ಕಾನೂನೂ ಬಂತು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅದರ ಹಿಂದಿನ ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.

ಕಣ್ಣಿಗೆ ಬೀಳದಿದ್ದರೆ ಏನಾಗುತ್ತದೆ? ಹಾವೇರಿ ಜಿಲ್ಲೆಯ ಸವಣೂರನ್ನು ಕೇಳಿ. 2010ರ ಜುಲೈನಲ್ಲಿ ಅಲ್ಲಿನ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆಗ ಓಡಿ ಬಂದವು ಕ್ಯಾಮೆರಾಗಳು! ನಾವು ನೋಡಲಿ ಎಂದು ಒಬ್ಬ ಮನುಷ್ಯ ತನ್ನ ಮೈಯನ್ನೇ ಚಿತ್ರ ಮಾಡಿಕೊಳ್ಳಬೇಕೇ? ಅದಕ್ಕೆ ಮೊದಲೇ ಆ ಊರಿನ ಹತ್ತು ಹುಡುಗರು ಅವರ ಬದುಕನ್ನು ಫೋಟೋ ಸಮೇತ ದಾಖಲಿಸಿ ಜಿಲ್ಲಾಧಿಕಾರಿಯ ಮೇಜಿನ ಮೇಲಿಟ್ಟಿದ್ದರೆ? ನಾಚಿಕೆಯಾಗಬೇಕಾದದ್ದು ಅವರಿಗಲ್ಲ, ನಮಗೆ.

ಇಂದಿಗೂ ನಮ್ಮ ನಗರಗಳಲ್ಲಿ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುತ್ತಾರೆ. ರಕ್ಷಣಾ ಸಾಧನವಿಲ್ಲದೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಪರಾಧಿ ಇಳಿದವನಲ್ಲ, ಇಳಿಸಿದವನು. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಜೀವ ಹೋದ ಮೇಲೆ "ನಾವು ಇಳಿಸಲೇ ಇಲ್ಲ, ಅವನೇ ಇಳಿದ" ಎಂದರೆ ಯಾರು ಸಾಕ್ಷಿ?

ನೀವೇ ಸಾಕ್ಷಿ!

ಹೇಗೆ ಎಂದಿರಾ? ಮೊದಲು ಕೆಲಸ ನಿಲ್ಲಿಸಿ. ಒಳಗೆ ಮನುಷ್ಯನಿದ್ದಾಗ ಫೋಟೋ ಮುಖ್ಯವಲ್ಲ, ಪ್ರಾಣ ಮುಖ್ಯ. 112ಕ್ಕೆ ಕರೆ ಮಾಡಿ. ಅವನನ್ನು ಹೊರಗೆ ಕರೆಸಿ. ಆಮೇಲೆ ಕ್ಯಾಮೆರಾ ತೆಗೆಯಿರಿ. ಕಾರ್ಮಿಕನನ್ನು ಕೇಳದೆ ಅವನ ಮುಖ ತೆಗೆಯಬೇಡಿ. ನಿಮ್ಮ ಫೋಟೋದಿಂದ ಅವನ ಕೂಲಿ ಹೋಗಬಾರದು. ತೆರೆದ ಮ್ಯಾನ್‌ಹೋಲ್, ಗ್ಲೌಸಿಲ್ಲದ ಕೈ, ಗುತ್ತಿಗೆದಾರನ ವಾಹನದ ನಂಬರು, ಪಕ್ಕದ ಬೀದಿಯ ಹೆಸರಿನ ಫಲಕ, ಇವು ಬೇಕು. ಹತ್ತಿರದಿಂದ ಒಂದು, ಜಾಗ ಗುರುತು ಸಿಗುವಂತೆ ದೂರದಿಂದ ಒಂದು. ದಿನಾಂಕ, ಹೊತ್ತು, ಜಾಗ ಅಲ್ಲೇ ಬರೆದುಕೊಳ್ಳಿ. ವಾಟ್ಸಾಪಿನಲ್ಲಿ ಹರಿದಾಡಿದ ಫೋಟೋದಲ್ಲಿ ಹೊತ್ತು, ಜಾಗದ ಗುರುತು ಅಳಿಸಿಹೋಗುತ್ತದೆ. ಮೂಲ ಫೋಟೋ ಜೋಪಾನ ಮಾಡಿ.

ಆಮೇಲೆ ಅಸಲಿ ಕೆಲಸ. ಫೋಟೋ ಪ್ರಿಂಟ್ ಹಾಕಿಸಿ, ಅಚ್ಚ ಕನ್ನಡದಲ್ಲಿ ದೂರು ಬರೆಯಿರಿ. ಕಚೇರಿಗೆ ಹೋಗಿ ಕೊಟ್ಟು ಸೀಲು ಹಾಕಿಸಿಕೊಂಡು ಬನ್ನಿ. ಉತ್ತರ ಬರಲಿಲ್ಲವೇ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ತಿಂಗಳ ನಂತರ ಅದೇ ಜಾಗಕ್ಕೆ ಹೋಗಿ ಇನ್ನೊಂದು ಫೋಟೋ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಅಧಿಕಾರಿಯನ್ನು ಕೇಳಿ: "ಏನ್ ಸ್ವಾಮಿ, ಏನು ಬದಲಾಯಿತು?"

ಇದರಲ್ಲಿ ಲೈಕು ಸಿಗುವುದಿಲ್ಲ, ಬಿಸಿಲು ಸಿಗುತ್ತದೆ. ಕಚೇರಿಯ ಬೆಂಚು ಸವೆಯುತ್ತದೆ. "ನಿಮಗ್ಯಾಕ್ರೀ ಇದೆಲ್ಲ?" ಎಂಬ ಮಾತು ಕೇಳಬೇಕಾಗುತ್ತದೆ. ಕೇಳಿಸಿಕೊಳ್ಳಿ. ಮ್ಯಾನ್‌ಹೋಲಿಗೆ ಇಳಿಯುವವನ ಮನೆಮಾತು ತೆಲುಗೋ ತಮಿಳೋ ಎಂದು ಲೆಕ್ಕ ಹಾಕಬೇಡಿ. ಅನ್ಯಾಯ ನಡೆಯುತ್ತಿರುವುದು ಕನ್ನಡದ ನೆಲದಲ್ಲಿ. ಅದರ ಲೆಕ್ಕ ಕೇಳಬೇಕಾದವರು ಕನ್ನಡಿಗರು.

ಆ ನಲವತ್ತು ಫೋಟೋಗಳನ್ನು ನಾನು ಅಂದೇ ರಾತ್ರಿ ಅಳಿಸಿದೆ. ಮರುವಾರ ಅದೇ ಕೇರಿಗೆ ಹೋಗಿ, ಕಟ್ಟಿಕೊಂಡ ಚರಂಡಿಯ ಫೋಟೋ ತೆಗೆದೆ. ಅಜ್ಜಿ ಬಾಗಿಲಲ್ಲಿ ಕೂತಿದ್ದರು. ಈ ಸಲ ಮುಖ ಮುಚ್ಚಿಕೊಳ್ಳಲಿಲ್ಲ. "ಇದನ್ನ ತೆಗಿ ಮಗಾ, ಚೆನ್ನಾಗಿ ಬರೋ ಹಂಗೆ ತೆಗಿ" ಅಂದರು.

ಗೆಳೆಯರೇ, ಜೇಬಿಗೆ ಕೈ ಹಾಕಿ. ನಿಮ್ಮ ಬೀದಿಯಿಂದಲೇ ಶುರುವಾಗಲಿ!