ಮಾಳಿಗೆಯ ಮೇಲೊಂದು ದೂರದರ್ಶಕ

ಮಕ್ಕಳ ಹುಟ್ಟುಹಬ್ಬಕ್ಕೆ ದೂರದರ್ಶಕವನ್ನು ತಂದುಕೊಡುವ ತಂದೆತಾಯಿಗಳು ನಮ್ಮ ನಗರಗಳಲ್ಲಿ ಈಗ ಅಪರೂಪವಲ್ಲ. ಆದರೆ ಹೀಗೆ ಬಂದ ಉಪಕರಣಗಳಲ್ಲಿ ಎಷ್ಟೋ ಒಂದೆರಡು ತಿಂಗಳೊಳಗಾಗಿಯೇ ಅಟ್ಟವನ್ನು ಸೇರುತ್ತವೆ. “ಮಸೂರ ಸರಿಯಿಲ್ಲ, ದುಡ್ಡು ದಂಡವಾಯಿತು” ಎಂದು ಮನೆಯವರು ಕೈತೊಳೆದುಕೊಳ್ಳುತ್ತಾರೆ. ಮಸೂರದ್ದೇ ತಪ್ಪಿರುವುದೂ ಉಂಟು. ಆದರೆ ಅನೇಕ ವೇಳೆ ದೋಷವಿರುವುದು ನಳಿಗೆಯಲ್ಲಲ್ಲ, ಅದನ್ನು ಹೊತ್ತ ಪೀಠದಲ್ಲಿ. ಪೀಠದಲ್ಲಿ ಎನ್ನುವುದಕ್ಕಿಂತಲೂ ಅದನ್ನು ನಿಲ್ಲಿಸಿದ ಬಗೆಯಲ್ಲಿ.

ಆಗುವುದೇನೆಂದು ನೋಡೋಣ. ರಾತ್ರಿ ಊಟಕ್ಕೆ ಮೊದಲು ಹುಡುಗನು ಮಾಳಿಗೆಯೇರಿ, ಹೇಗೋ ಹೆಣಗಿ, ಶನಿಗ್ರಹವನ್ನು ನಳಿಗೆಯೊಳಕ್ಕೆ ತರುತ್ತಾನೆ. ಉಂಗುರ ಕಾಣುತ್ತದೆ! ಹಿಗ್ಗಿನಿಂದ ಕೆಳಗಿನವರನ್ನೆಲ್ಲ ಕೂಗುತ್ತಾನೆ. ಅಮ್ಮ ಒಲೆ ಆರಿಸಿ ಕೈಯೊರಸಿಕೊಂಡು ಬರಬೇಕು. ಅಜ್ಜಿ ಮೆಟ್ಟಿಲ ಕಂಬಿಯನ್ನು ಹಿಡಿದು ಒಂದೊಂದೇ ಹೆಜ್ಜೆಯಿಟ್ಟು ಏರಬೇಕು. ಇಷ್ಟರಲ್ಲಿ ಭೂಮಿ ಸುಮ್ಮನಿರುವುದೆ? ಗಂಟೆಗೆ ೧೫ ಡಿಗ್ರಿಯಂತೆ, ಎಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ, ಅದು ತಿರುಗುತ್ತಲೇ ಇದೆ. ನೂರು ಪಟ್ಟು ದೊಡ್ಡದು ಮಾಡಿ ತೋರಿಸುವಾಗ ಸಾಮಾನ್ಯ ದೂರದರ್ಶಕದಲ್ಲಿ ಕಾಣುವ ಆಕಾಶದ ಅಗಲ ಸುಮಾರು ಅರ್ಧ ಡಿಗ್ರಿ ಮಾತ್ರ. ನಡುವಿನಲ್ಲಿದ್ದ ಶನಿ ಒಂದೇ ನಿಮಿಷದಲ್ಲಿ ಅಂಚನ್ನು ದಾಟಿ ಹೋಗುತ್ತದೆ. ಅಜ್ಜಿ ಬಂದು ಕಣ್ಣಿಡುವ ಹೊತ್ತಿಗೆ ಅಲ್ಲಿರುವುದು ಬರಿಯ ಕತ್ತಲು. “ನನಗೇನೂ ಕಾಣಿಸದಲ್ಲಪ್ಪಾ” ಎಂದು ಆಕೆ ಇಳಿದುಹೋಗುತ್ತಾರೆ. ಎರಡು ಮೂರು ರಾತ್ರಿ ಹೀಗಾದರೆ ಹುಡುಗನ ಉತ್ಸಾಹವೂ ಇಳಿಯುತ್ತದೆ.

ಇದಕ್ಕೆ ಪರಿಹಾರವನ್ನು ಕಂಡವರು ಹಿಂದೆಯೇ ಇದ್ದರು. ಜರ್ಮನಿಯ ಗಾಜಿನ ಕುಶಲಕರ್ಮಿ ಫ್ರೌನ್‌ಹೋಫರ್ ತಯಾರಿಸಿ, ೧೮೨೪ರಲ್ಲಿ ಡೋರ್ಪಾಟ್ ವೀಕ್ಷಣಾಲಯಕ್ಕೆ ಸಂದ ದೂರದರ್ಶಕದ ಪೀಠವೇ ಇಂದು ಅಂಗಡಿಯಲ್ಲಿ ಸಿಗುವ ‘ವಿಷುವತ್ ಪೀಠ’ದ ಹಿರಿಯಜ್ಜ. ಇದರಲ್ಲಿ ಎರಡು ಅಕ್ಷಗಳಿವೆ. ಒಂದು ಓರೆಯಾಗಿ ಉತ್ತರಕ್ಕೆ ನೆಟ್ಟಿರುವ ಧ್ರುವಾಕ್ಷ. ಇನ್ನೊಂದು ಅದಕ್ಕೆ ಅಡ್ಡವಾಗಿರುವ ಅಕ್ಷ. ಧ್ರುವಾಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದ್ದರೆ ಸಾಕು. ಭೂಮಿ ಪೂರ್ವಕ್ಕೆ ತಿರುಗಿದಷ್ಟನ್ನೂ ನಾವು ಒಂದೇ ತಿರುಪಿನಿಂದ ಪಶ್ಚಿಮಕ್ಕೆ ತಿರುಗಿಸಿ ಸರಿಗಟ್ಟಬಹುದು. ೧೪೪ ಹಲ್ಲುಗಳ ಚಕ್ರವುಳ್ಳ ಪೀಠದಲ್ಲಿ ಈ ತಿರುಪನ್ನು ಹತ್ತು ನಿಮಿಷಕ್ಕೆ ಒಂದು ಸುತ್ತಿನಂತೆ ಮೆಲ್ಲಗೆ ತಿರುಗಿಸುತ್ತಿದ್ದರೆ ಶನಿ ಕದಲದೆ ನಿಲ್ಲುತ್ತದೆ. ಅಜ್ಜಿ ನಿಧಾನವಾಗಿಯೇ ಬರಲಿ.

ಧ್ರುವಾಕ್ಷ ಎಷ್ಟು ಓರೆಯಾಗಿರಬೇಕು? ಊರಿನ ಅಕ್ಷಾಂಶ ಎಷ್ಟೋ ಅಷ್ಟು. ಜಯಪುರದಲ್ಲಿ ಸವಾಯಿ ಜಯಸಿಂಹನು ಕಟ್ಟಿಸಿದ ಸಮ್ರಾಟ್ ಯಂತ್ರವನ್ನು ನೋಡಿದವರು ಅದರ ಓರೆ ಮೆಟ್ಟಿಲನ್ನು ನೆನೆಸಿಕೊಳ್ಳಲಿ. ಅದು ಸುಮಾರು ೨೭ ಡಿಗ್ರಿ ಏರಿ ಧ್ರುವದತ್ತ ಮುಖಮಾಡಿದೆ. ಜಯಪುರದ ಅಕ್ಷಾಂಶವೂ ಅಷ್ಟೇ. ನಮ್ಮ ಬೆಂಗಳೂರಿಗೆ ೧೩ ಡಿಗ್ರಿ, ಮೈಸೂರಿಗೆ ೧೨ಕ್ಕೆ ತುಸು ಮೇಲೆ, ಧಾರವಾಡಕ್ಕೆ ಹದಿನೈದೂವರೆ, ಕಲಬುರಗಿಗೆ ೧೭ಕ್ಕೆ ತುಸು ಮೇಲೆ.

ಇಲ್ಲಿಯೇ ನಮ್ಮವರಿಗೆ ಮೊದಲ ತೊಡಕು. ಪೀಠದ ಜೊತೆಗೆ ಬರುವ ಸೂಚನಾಪತ್ರ ಬಹುಮಟ್ಟಿಗೆ ದೂರದ ಉತ್ತರದೇಶಗಳವರಿಗಾಗಿ ಬರೆದುದು. ಲಂಡನ್ನಿನಲ್ಲಿ ಧ್ರುವತಾರೆ ಐವತ್ತೊಂದೂವರೆ ಡಿಗ್ರಿ ಎತ್ತರದಲ್ಲಿರುತ್ತದೆ. “ಮುಕ್ಕಾಲಿಯ ಒಂದು ಕಾಲನ್ನು ಉತ್ತರಕ್ಕಿಡಿ” ಎಂಬ ಸೂಚನೆ ಅವರಿಗೆ ಸರಿ. ನಾವು ಹಾಗೆಯೇ ಮಾಡಿದರೆ, ಅಕ್ಷ ನೆಲಕ್ಕೆ ಹತ್ತಿರವಾಗಿ ಒರಗುವುದರಿಂದ ಪ್ರತಿತೂಕದ ಸರಳು ಆ ಉತ್ತರದ ಕಾಲಿಗೆ ತಾಗುವ ಸಂಭವವುಂಟು. ಆದುದರಿಂದ ನಮ್ಮಲ್ಲಿ ಎರಡು ಕಾಲುಗಳನ್ನು ಉತ್ತರದ ಕಡೆಗೂ ಒಂದನ್ನು ದಕ್ಷಿಣಕ್ಕೂ ಇಡುವುದು ಲೇಸು. ಸರಳು ಎರಡು ಕಾಲುಗಳ ನಡುವೆ ಸಲೀಸಾಗಿ ಸುಳಿಯುತ್ತದೆ.

ಕೆಲವು ಪೀಠಗಳ ಅಕ್ಷವು ೨೦ ಡಿಗ್ರಿಗಿಂತ ಕೆಳಕ್ಕೆ ಬಾಗುವುದೇ ಇಲ್ಲ. ಅದಕ್ಕಾಗಿ ಎದೆಗುಂದಬೇಕಾಗಿಲ್ಲ. ಪೀಠ ಮಟ್ಟಸವಾಗಿರಬೇಕೆಂಬುದು ನಮ್ಮ ಅನುಕೂಲಕ್ಕಾಗಿ ಮಾಡಿಕೊಂಡ ನಿಯಮ. ಆಕಾಶಕ್ಕೆ ಬೇಕಾದುದು ಅಕ್ಷದ ದಿಕ್ಕು ಮಾತ್ರ. ದಕ್ಷಿಣದ ಕಾಲನ್ನು ಎತ್ತರಿಸಿದರೆ ಅಕ್ಷದ ಉತ್ತರದ ತುದಿ ತಾನಾಗಿಯೇ ತಗ್ಗುತ್ತದೆ. ಮುಂದಿನ ಎರಡು ಕಾಲುಗಳ ಗೆರೆಯಿಂದ ಹಿಂದಿನ ಕಾಲಿಗೆ ಒಂದು ಮೀಟರ್ ದೂರವಿದ್ದರೆ, ೨೦ನ್ನು ೧೩ಕ್ಕೆ ಇಳಿಸಲು ಸುಮಾರು ೧೨ ಸೆಂಟಿಮೀಟರ್ ಎತ್ತರದ ಗಟ್ಟಿ ಹಲಗೆ ಸಾಕು. ಮುಕ್ಕಾಲಿಯ ನಡುವಿನಿಂದ ಮರಳಿನ ಚೀಲವೊಂದನ್ನು ತೂಗಬಿಟ್ಟರೆ ಉರುಳುವ ಭಯವೂ ಕಡಮೆ, ಗಾಳಿಗೆ ನಡುಗುವುದೂ ಕಡಮೆ.

ಇನ್ನು ಉತ್ತರ ದಿಕ್ಕನ್ನು ಗೊತ್ತುಮಾಡಬೇಕು. ದಿಕ್ಸೂಚಿ ಇದೆಯಲ್ಲ, ಕೈಯ ಫೋನಿನಲ್ಲಿಯೂ ಇದೆಯಲ್ಲ ಎನ್ನಬಹುದು. ಆದರೆ ಮಾಳಿಗೆಯ ಕಾಂಕ್ರೀಟಿನೊಳಗೆ ಹುದುಗಿರುವ ಕಬ್ಬಿಣವೂ ಪೀಠದ ಉಕ್ಕೂ ಅದರ ಮುಳ್ಳನ್ನು ದಾರಿತಪ್ಪಿಸುತ್ತವೆ. ಇದಕ್ಕಿಂತ ನಂಬಬಹುದಾದ ಉಪಾಯ ಶುಲ್ಬಸೂತ್ರದಲ್ಲಿಯೂ ಸೂರ್ಯಸಿದ್ಧಾಂತದಲ್ಲಿಯೂ ಹೇಳಿರುವ ಶಂಕುವಿನದು. ೩೦ ಸೆಂಟಿಮೀಟರ್ ಎತ್ತರದ ನೇರವಾದ ಕಡ್ಡಿಯೊಂದನ್ನು ತೂಗುಗುಂಡಿನಿಂದ ಪರೀಕ್ಷಿಸಿ ಸಮನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನೇ ಕೇಂದ್ರವಾಗಿಟ್ಟುಕೊಂಡು ೪೦ ಸೆಂಟಿಮೀಟರ್ ತ್ರಿಜ್ಯದ ವೃತ್ತವನ್ನು ಎಳೆಯಿರಿ. ಬೆಳಗ್ಗೆ ನೆರಳು ವೃತ್ತದಿಂದಾಚೆಗೆ ಚಾಚಿರುತ್ತದೆ. ಬಿಸಿಲೇರಿದಂತೆ ಕುಗ್ಗಿ, ನೆರಳಿನ ತುದಿ ವೃತ್ತವನ್ನು ಮುಟ್ಟಿದ ಕ್ಷಣ ಅಲ್ಲಿ ಗುರುತು ಮಾಡಿ. ಮಧ್ಯಾಹ್ನದ ಮೇಲೆ ಅದು ಬೆಳೆದು ಇನ್ನೊಂದು ಪಕ್ಕದಲ್ಲಿ ವೃತ್ತವನ್ನು ಮುಟ್ಟುವಾಗ ಎರಡನೆಯ ಗುರುತು. ಎರಡನ್ನೂ ಕೂಡಿಸಿದ ಗೆರೆ ಪೂರ್ವ–ಪಶ್ಚಿಮ. ಅದಕ್ಕೆ ಲಂಬವಾಗಿ ಕಡ್ಡಿಯ ಬುಡದ ಮೂಲಕ ಎಳೆದುದು ಉತ್ತರ–ದಕ್ಷಿಣ. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಈ ಗುರುತುಗಳು ಬೆಳಗಿನ ಒಂಬತ್ತೂಮುಕ್ಕಾಲರ ಮತ್ತು ಮಧ್ಯಾಹ್ನದ ಮೂರು ಗಂಟೆಯ ಆಸುಪಾಸಿನಲ್ಲಿ ಬೀಳುತ್ತವೆ. ಗಡಿಯಾರದ ಹಂಗೇ ಇಲ್ಲ. ಗೆರೆಯ ಮೇಲೆ ಬಣ್ಣ ಬಳಿದುಬಿಟ್ಟರೆ ಅದು ಮನೆಯ ಶಾಶ್ವತ ಆಸ್ತಿ.

ಹಗಲಿನಲ್ಲಿಯೇ ಮುಗಿಸಬೇಕಾದ ಕೆಲಸಗಳು ಇನ್ನೂ ಮೂರಿವೆ. ಮೊದಲನೆಯದು ಅಕ್ಷದ ಓರೆ. ಪೀಠದ ಮೇಲೆ ಕೊರೆದಿರುವ ಅಂಕೆಗಳನ್ನು ಪೂರ್ತಿ ನಂಬಬೇಡಿ. ಗಟ್ಟಿ ರಟ್ಟಿನಲ್ಲಿ ೨೦ ಸೆಂಟಿಮೀಟರ್ ಅಡಿ, ೪.೬ ಸೆಂಟಿಮೀಟರ್ ನಿಲುವು ಇರುವ ಲಂಬಕೋನ ತ್ರಿಕೋನವನ್ನು ಕತ್ತರಿಸಿದರೆ ಅದರ ಓರೆ ಬೆಂಗಳೂರಿನ ೧೩ ಡಿಗ್ರಿ. ಧಾರವಾಡದವರು ನಿಲುವನ್ನು ೫.೫ ಸೆಂಟಿಮೀಟರ್ ಇಟ್ಟುಕೊಳ್ಳಲಿ. ಓರೆಯ ಅಂಚನ್ನು ಧ್ರುವಾಕ್ಷದ ಮೈಗೆ ಹೊಂದಿಸಿ ಹಿಡಿದು, ಅಡಿಯ ಅಂಚಿಗೆ ರಸಮಟ್ಟವನ್ನು ತಾಗಿಸಿ ನೋಡಿದರೆ ನಿಜ ಹೊರಬೀಳುತ್ತದೆ.

ಎರಡನೆಯದು ಸಮತೂಕ. ಯಾವಾಗಲೂ ಪ್ರತಿತೂಕವನ್ನು ಮೊದಲು ಏರಿಸಿ, ನಳಿಗೆಯನ್ನು ಆಮೇಲೆ ಕಟ್ಟಬೇಕು. ಬಿಚ್ಚುವಾಗ ನಳಿಗೆ ಮೊದಲು. ಈ ಕ್ರಮ ತಪ್ಪಿದರೆ ಭಾರವೆಲ್ಲ ಒಂದೇ ಕಡೆಗೆ ವಾಲಿ ಪೀಠ ಮಗುಚಬಹುದು. ಧ್ರುವಾಕ್ಷದ ಬಿಗಿತವನ್ನು ಸಡಿಲಿಸಿ, ಸರಳನ್ನು ಅಡ್ಡಕ್ಕೆ ತಂದು, ಕೈಬಿಟ್ಟರೂ ನಿಂತಲ್ಲೇ ನಿಲ್ಲುವಂತೆ ತೂಕವನ್ನು ಸರಿಸಿ. ಬಳಿಕ ನಳಿಗೆಯನ್ನು ಅದರ ಬಳೆಗಳೊಳಗೆ ಹಿಂದುಮುಂದಾಗಿ ಸರಿಸಿ, ಇನ್ನೊಂದು ಅಕ್ಷಕ್ಕೂ ಹಾಗೆಯೇ ಮಾಡಿ.

ಮೂರನೆಯದು, ಪಕ್ಕದಲ್ಲಿರುವ ಚಿಕ್ಕ ಶೋಧಕ ನಳಿಗೆ. ಅರ್ಧ ಕಿಲೋಮೀಟರಿಗೂ ಆಚೆ ಇರುವ ನೀರಿನ ಟ್ಯಾಂಕನ್ನೋ ಗೋಪುರದ ಕಲಶವನ್ನೋ ದೊಡ್ಡ ನಳಿಗೆಯ ನಡುವಿಗೆ ತಂದು, ಶೋಧಕದ ಅಡ್ಡಗೆರೆಗಳೂ ಅದನ್ನೇ ತೋರುವಂತೆ ಅದರ ತಿರುಪುಗಳನ್ನು ಹೊಂದಿಸಿ. ಹಗಲು ಕೆಲಸ ಮಾಡುವಾಗ ನಳಿಗೆಯಾಗಲಿ ಶೋಧಕವಾಗಲಿ ಸೂರ್ಯನತ್ತ ಎಂದೂ ತಿರುಗಕೂಡದು. ತಕ್ಕ ಸೌರಶೋಧಕವನ್ನು ಮುಂಬಾಯಿಗೆ ಹೊದಿಸದೆ ಒಂದು ಕ್ಷಣ ಇಣುಕಿದರೂ ಕಣ್ಣು ಶಾಶ್ವತವಾಗಿ ಹೋದೀತು. ಮಕ್ಕಳನ್ನು ಹಗಲಿನಲ್ಲಿ ಉಪಕರಣದೊಡನೆ ಒಂಟಿಯಾಗಿ ಬಿಡಬೇಡಿ.

ರಾತ್ರಿಯಾಯಿತು. ಉತ್ತರದ ಗೆರೆಗೆ ಪೀಠವನ್ನು ಹೊಂದಿಸಿ, ಪ್ರತಿತೂಕದ ಸರಳನ್ನು ಕೆಳಮುಖವಾಗಿರಿಸಿ, ನಳಿಗೆಯನ್ನು ಧ್ರುವಾಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಿ. ಈಗ ಶೋಧಕದಲ್ಲಿ ಧ್ರುವತಾರೆಯನ್ನು ಹುಡುಕಬೇಕು. ಹೊಸಬರು ಎಡವುವುದು ಇಲ್ಲಿಯೇ. ಪೀಠದಲ್ಲಿ ಎರಡು ಜೊತೆ ತಿರುಪುಗಳುಂಟು. ಬುಡದಲ್ಲಿರುವವು ಇಡೀ ಪೀಠವನ್ನೇ ಎಡಬಲಕ್ಕೂ ಮೇಲೆಕೆಳಕ್ಕೂ ಸರಿಸುವವು. ಮೇಲಿನವು ನಳಿಗೆಯನ್ನು ಆಕಾಶದಲ್ಲಿ ತಿರುಗಿಸುವವು. ಧ್ರುವತಾರೆಯನ್ನು ನಡುವಿಗೆ ತರುವಾಗ ಬುಡದ ತಿರುಪುಗಳನ್ನು ಮಾತ್ರ ಮುಟ್ಟಬೇಕು. ಅದು ಮುಗಿದ ಮೇಲೆ ಅವನ್ನು ಬಿಗಿಮಾಡಿ ಮರೆತುಬಿಡಬೇಕು. ಉಳಿದ ರಾತ್ರಿಯೆಲ್ಲ ಮೇಲಿನವುಗಳದೇ ಕೆಲಸ.

ಪುರಾಣದ ಧ್ರುವನು ಅಚಲನಾದರೂ ಆಕಾಶದ ಧ್ರುವತಾರೆ ತುಸು ಅಲುಗಾಡುವುದೇ. ನಿಜವಾದ ಧ್ರುವಬಿಂದುವಿನಿಂದ ಅದು ಈಗ ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಚಂದ್ರಬಿಂಬದ ಅಗಲಕ್ಕಿಂತ ತುಸು ಮಿಗಿಲು, ದೂರದಲ್ಲಿದ್ದು ದಿನಕ್ಕೊಮ್ಮೆ ಆ ಬಿಂದುವನ್ನು ಸುತ್ತುತ್ತದೆ. ಕಣ್ಣಿಟ್ಟು ನೋಡುವವರಿಗೆ ಇದರಿಂದ ಬಾಧಕವಿಲ್ಲ. ಅಕ್ಷ ಒಂದು ಡಿಗ್ರಿಯಷ್ಟು ತಪ್ಪಿದ್ದರೂ, ತಿರುಪನ್ನು ಸರಿಯಾಗಿ ತಿರುಗಿಸುತ್ತಿದ್ದರೆ, ಕಾಲು ಗಂಟೆಯಲ್ಲಿ ಗ್ರಹ ಜಾರುವುದು ಹೆಚ್ಚೆಂದರೆ ಚಂದ್ರಬಿಂಬದ ಎಂಟನೆಯ ಒಂದು ಪಾಲಿನಷ್ಟು. ಇಡೀ ಮನೆಯವರು ಸರದಿಯಲ್ಲಿ ನೋಡಲು ಅಷ್ಟು ಹೊತ್ತು ಧಾರಾಳವಾಯಿತು. ಛಾಯಾಚಿತ್ರ ತೆಗೆಯುವವರಿಗೆ ಮಾತ್ರ ಇನ್ನೂ ಹೆಚ್ಚಿನ ನಿಖರತೆ ಬೇಕು.

ಆದರೆ ನಮ್ಮಲ್ಲಿ ಧ್ರುವತಾರೆ ೧೩ ಡಿಗ್ರಿಯಷ್ಟೇ ಮೇಲಿರುವುದು. ನೆರೆಮನೆಯ ಟ್ಯಾಂಕು, ತೆಂಗಿನ ಗರಿ, ಬೀದಿದೀಪಗಳ ಮಬ್ಬು, ಯಾವುದಾದರೊಂದು ಅದನ್ನು ಮರೆಮಾಡಿರುತ್ತದೆ. ಹಾಗಾದಾಗ ನೆಲದ ಗೆರೆಯೂ ರಟ್ಟಿನ ತ್ರಿಕೋನವೂ ಕೈಹಿಡಿಯುತ್ತವೆ. ಇನ್ನೂ ಸರಿಪಡಿಸಬೇಕೆನ್ನುವವರಿಗೆ ಆಕಾಶದಲ್ಲಿಯೇ ಒರೆಗಲ್ಲಿದೆ. ಚಳಿಗಾಲದ ಸಂಜೆ ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳಲ್ಲಿ ಮೊದಲು ಮೂಡುವ ಮಿಂಟಾಕವನ್ನು ಆರಿಸಿಕೊಳ್ಳಿ. ಅದು ಆಕಾಶದ ವಿಷುವದ್ವೃತ್ತದ ಮೇಲೆಯೇ ಇದ್ದಂತಿದೆ. ನಳಿಗೆಯನ್ನು ಮೆಲ್ಲಗೆ ಉತ್ತರಕ್ಕೆ ತಳ್ಳಿದಾಗ ನಕ್ಷತ್ರ ಯಾವ ಅಂಚಿಗೆ ಸರಿಯುವುದೋ ಅದೇ ನೋಟದ ದಕ್ಷಿಣ. ಈಗ ಧ್ರುವಾಕ್ಷದ ತಿರುಪಿನಿಂದ ನಕ್ಷತ್ರವನ್ನು ಹಿಂಬಾಲಿಸಿ. ಅದು ಪೂರ್ವದಲ್ಲಿರುವಾಗ ದಕ್ಷಿಣಕ್ಕೆ ಜಾರಿದರೆ ನಿಮ್ಮ ಅಕ್ಷ ತಗ್ಗಿದೆ. ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ನಡುನೆತ್ತಿಯ ರೇಖೆಯನ್ನು ದಾಟುವ ಹೊತ್ತಿನಲ್ಲಿ ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ವಾಲಿದೆ. ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಬುಡದ ತಿರುಪುಗಳಿಂದ ತಿದ್ದಿ, ಮತ್ತೆ ನೋಡಿ. ಧ್ರುವತಾರೆಯ ಮುಖವನ್ನೇ ಕಾಣದೆ ಧ್ರುವವನ್ನು ಹಿಡಿಯುವ ಬಗೆ ಇದು.

ಕಾವಲೂರಿನ ವೀಕ್ಷಣಾಲಯದಲ್ಲಿ ೧೯೮೬ರಿಂದಿರುವ ವೈನು ಬಾಪು ದೂರದರ್ಶಕದ ಕನ್ನಡಿಯ ಅಗಲ ೨.೩೪ ಮೀಟರ್. ಆ ಬೃಹದ್ಯಂತ್ರದ ಅಕ್ಷವೂ ಹನ್ನೆರಡೂವರೆ ಡಿಗ್ರಿಯಷ್ಟೇ ತಲೆಯೆತ್ತಿ ಧ್ರುವವನ್ನು ನೋಡುತ್ತಿದೆ. ನಿಮ್ಮ ಮಾಳಿಗೆಯ ಪುಟ್ಟ ಪೀಠ ಮಾಡಬೇಕಾದುದೂ ಅದೇ ಕೆಲಸ.

ಒಮ್ಮೆ ಎಲ್ಲವೂ ಹೊಂದಿದ ರಾತ್ರಿ, ಮುಕ್ಕಾಲಿಯ ಮೂರು ಪಾದಗಳ ಸುತ್ತ ಬಣ್ಣದಿಂದ ಗುರುತು ಹಾಕಿಬಿಡಿ. ಮರುಸಲ ಐದು ನಿಮಿಷದಲ್ಲಿ ಪೀಠ ಸಿದ್ಧವಾಗುತ್ತದೆ. ಆಗ ತಿರುಪನ್ನು ಮಗುವಿನ ಕೈಗೆ ಕೊಟ್ಟು, ಭೂಮಿ ತಿರುಗುವ ವೇಗ ಇದೇ ಎಂದು ತಿಳಿಸಿ. ಪಾಠಪುಸ್ತಕದಲ್ಲಿ ಓದಿದುದು ಅದರ ಬೆರಳಿಗೆ ಗೊತ್ತಾಗುತ್ತದೆ. ಅಜ್ಜಿಗೊಂದು ಎತ್ತರದ ಮಣೆಯನ್ನೋ ಕುರ್ಚಿಯನ್ನೋ ಹಾಕಿ, ಶನಿ ಕಾದಿರುತ್ತದೆ.